ಪಾಳು ಮನೆಯ ಫೋಟೋ ಮತ್ತು ಮೂರನೇ ಗೀಟು

ಜನ ತುಂಬಿರುವ ಮನೆಯ ಮುಂದೆ ಅರ್ಧ ದಿನ ನಿಂತರೂ ಯಾರೂ ಏನೂ ಕೇಳುವುದಿಲ್ಲ. ಯಾರೂ ಇಲ್ಲದ ಮನೆಯ ಮುಂದೆ ಅರ್ಧ ನಿಮಿಷ ನಿಂತು ನೋಡಿ, ಎಲ್ಲಿಂದಲೋ ಒಬ್ಬ ಹಾಜರಾಗಿ "ಯಾರದು?" ಅನ್ನುತ್ತಾನೆ. ಸಕಲೇಶಪುರ, ಆಲೂರು ಕಡೆಯ ಗುಡ್ಡಗಳಲ್ಲಿ ಹಾಗೆ ನಿಂತು ನಿಂತೇ ನನ್ನ ಅರ್ಧ ವಯಸ್ಸು ಕಳೆದಿದೆ. ಈ "ಯಾರದು?" ಮಾತ್ರ ಒಂದು ಸಲವೂ ತಪ್ಪಿಲ್ಲ.

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಆಮೇಲೆ ಲಾರಿ ಕ್ಲೀನರ್ ಆದೆ, ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿದೆ, ಹೋಟೆಲಿನಲ್ಲಿ ದೋಸೆ ಹುಯ್ದೆ. ಎಲ್ಲೂ ಒಂದು ವರ್ಷ ನಿಂತವನಲ್ಲ. ನಮ್ಮ ಕಡೆ ರೈಲು ನಿಂತು, ಹಳೇ ಹಳಿ ಕಿತ್ತು ಹಾಕಿದ್ದ ಆ ವರ್ಷಗಳಲ್ಲಿ ಸಕಲೇಶಪುರದ ಒಂದು ಫೋಟೋ ಸ್ಟುಡಿಯೋ ಸೇರಿದೆ. ಅಲ್ಲಿನ ಕ್ಯಾಮೆರಾ ಕೈಗೆ ಬಂದ ಮೇಲೆ, ಜೀವನದಲ್ಲಿ ಮೊದಲ ಸಲ, ಈ ಕೆಲಸ ಬಿಟ್ಟು ಓಡಿ ಹೋಗಬೇಕು ಅನ್ನಿಸಲಿಲ್ಲ.

ಸ್ಟುಡಿಯೋ ಯಜಮಾನರಿಗೆ ಎಲ್ಲರ ಮೇಲೂ ಅನುಮಾನ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬರುವವರಿಗೆ ಅಂತ ಒಂದು ಕಪ್ಪು ಕೋಟು, ಒಂದು ಟೈ, ಒಂದು ಬಾಚಣಿಗೆ, ಒಂದು ಡಬ್ಬಿ ಪೌಡರ್ ಇಟ್ಟಿದ್ದರು. ದಿನಾ ಬೆಳಿಗ್ಗೆ ಬಂದವರೇ ಮೊದಲು ಪೌಡರ್ ಡಬ್ಬಿ ನೋಡುವರು, ಆಮೇಲೆ ನನ್ನ ಮುಖ ನೋಡುವರು. ಹಿಂದೆ ಗೋಡೆಗೆ ಒಂದು ದೊಡ್ಡ ಪರದೆ. ಅದರ ಮೇಲೆ ಅರಮನೆ ಮೆಟ್ಟಿಲು, ಕಾರಂಜಿ, ಎರಡು ಹಂಸ ಬರೆದಿತ್ತು. ತಾಲ್ಲೂಕಿನಲ್ಲಿ ಮದುವೆಯಾದ ಅರ್ಧ ಜೋಡಿಗಳು ಆ ಹಂಸಗಳ ಮುಂದೆ ನಿಂತವೇ.

ಮದುವೆಗೆ ಹೋದರೆ ಕೊನೆಯ ರೋಲಿನಲ್ಲಿ ಮೂರೋ ನಾಲ್ಕೋ ಫೋಟೋ ಹೊಡೆಯದೆ ಉಳಿಯುತ್ತಿದ್ದವು. ಹಾಸನದ ಲ್ಯಾಬಿಗೆ ಕಳಿಸುವ ಮೊದಲು ಅವನ್ನು ಖಾಲಿ ಮಾಡಬೇಕು. ನಾನು ಅವನ್ನೆಲ್ಲ ಪಾಳು ಬಿದ್ದ ಕಟ್ಟಡಗಳಿಗೆ ಖರ್ಚು ಮಾಡುತ್ತಿದ್ದೆ. ಯಾಕೆ ಅಂತ ಕೇಳಿದರೆ ಇಷ್ಟೇ: ಜನ ಇರುವ ಮನೆಗೆ ಹೋದರೆ ಎಷ್ಟನೇ ಕ್ಲಾಸು ಓದಿದ್ದೀಯ, ಎಲ್ಲಿ ಕೆಲಸ, ಯಾಕೆ ಬಿಟ್ಟೆ ಅಂತ ಕೇಳುತ್ತಾರೆ. ಪಾಳು ಮನೆ ಏನೂ ಕೇಳುವುದಿಲ್ಲ.

ಯಜಮಾನರು ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. "ನೋಡೋ, ಸಿಕ್ಕಿದ ಕಡೆ ನುಗ್ತೀಯ. ನಿನ್ನ ಮೇಲೆ ದೂರು ಬಂದಂಗೆಲ್ಲ ಡಾರ್ಕ್‌ರೂಮ್ ಬಾಗ್ಲ ಮೇಲೆ ಒಂದೊಂದು ಗೀಟು ಎಳೀತೀನಿ. ಮೂರನೇ ಗೀಟು ಬಿದ್ದಿದ್ ದಿವ್ಸ ಕ್ಯಾಮೆರಾ ಇಟ್ಟು ಲಾರಿ ಹತ್ತು."

ಯಾರೂ ಇಲ್ಲದವರ ಫೋಟೋ

ಮಾರನಹಳ್ಳಿ ಆಚೆ ಒಂದು ಎಸ್ಟೇಟಿನಲ್ಲಿ, ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೇ ಪಲ್ಪರ್ ಮನೆ ಇತ್ತು. ಸೂರು ಅರ್ಧ ಕುಸಿದು, ಯಂತ್ರದ ದೊಡ್ಡ ಚಕ್ರದ ಒಳಗಿನಿಂದ ಅತ್ತಿ ಗಿಡ ಎದ್ದಿತ್ತು. ಕ್ಯಾಮೆರಾ ಕಣ್ಣಿಗೆ ಇಟ್ಟೆನೋ ಇಲ್ಲವೋ, ಹಿಂದಿನಿಂದ "ಯಾರದು?" ಅಂತ ಕೇಳಿತು. ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವುದು, ತೋಟ ಕಾಯುವುದು ಎರಡೂ ಅವನದೇ.

"ಏನ್ ಮಾಡ್ತಿದೀರಿ?"

"ಫೋಟೋ ಹೊಡೀತಿದೀನಿ."

"ಯಾರ್ದು?"

"ಈ ಮನೇದು."

"ಮನೇಲಿ ಯಾರವ್ರೆ?"

"ಯಾರೂ ಇಲ್ಲ."

"ಯಾರೂ ಇಲ್ದೋರ ಫೋಟೋ ಯಾರಿಗೆ ಕೊಡ್ತೀರಿ?"

ನಾನು ಮತ್ತೆ ಕ್ಯಾಮೆರಾ ಕಣ್ಣಿಗೆ ಇಟ್ಟೆ. ಅವನ ಅನುಮಾನ ಇನ್ನೂ ಜಾಸ್ತಿಯಾಯಿತು. "ಅದ್ರೊಳಗೆ ಏನೈತೆ ತೆಗ್ದು ತೋರ್ಸಿ" ಅಂತ ಕ್ಯಾಮೆರಾಗೆ ಕೈ ಹಾಕಿದ. ಒಳಗೆ ಇದ್ದದ್ದು ಆಲೂರಿನ ಒಂದು ಮದುವೆ. ಮುಚ್ಚಳ ತೆಗೆದರೆ ಬೆಳಕು ಬಿದ್ದು ಧಾರೆಯಿಂದ ಹಿಡಿದು ಊಟದ ಪಂಕ್ತಿಯ ತನಕ ಎಲ್ಲ ಬೆಳ್ಳಗಾಗುತ್ತದೆ.

"ತೆಗೆದ್ರೆ ಒಂದು ಮದುವೆ ಹಾಳಾಗುತ್ತೆ ಕಣ್ರೀ."

"ಯಾರ ಮದ್ವೆ? ನಮ್ ಎಸ್ಟೇಟಲ್ಲಿ ಯಾವ್ ಮದ್ವೆ?"

ಕೊನೆಗೆ ಒಂದೇ ದಾರಿ ಉಳಿಯಿತು. "ನಿಮ್ದೇ ಒಂದು ಹೊಡೀತೀನಿ, ನಿಂತ್ಕೊಳ್ಳಿ" ಅಂದೆ. ಅನುಮಾನ ತಟ್ಟನೆ ಇಳಿಯಿತು. ಮುಂಡಾಸು ಸರಿಮಾಡಿಕೊಂಡು, ಚಕ್ರದ ಮೇಲೆ ಕೈ ಇಟ್ಟು, ಮೈಸೂರು ದಿವಾನರ ಹಾಗೆ ನಿಂತ. ಹೊಡೆದೆ. ವಾರದೊಳಗೆ ಪ್ರಿಂಟು ಹಾಕಿಸಿ ಬಸ್ಸಿನಲ್ಲಿ ಕಳಿಸಿದೆ.

ಮರುದಿನವೇ ಅದೇ ಬಸ್ಸಿನಲ್ಲಿ ಅವನು ಸ್ಟುಡಿಯೋಗೆ ಬಂದ. ಅಪ್ಪಣೆ ಇಲ್ಲದೆ ನುಗ್ಗಿದೆ ಅಂತ ದೂರಲ್ಲ. ಫೋಟೋ ಮೇಜಿನ ಮೇಲೆ ಇಟ್ಟು ಯಜಮಾನರಿಗೆ ಹೇಳಿದ: "ಸ್ವಾಮೀ, ತೋಟ ಕಾಯೋನು ನಾನು. ಇದ್ರಲ್ಲಿ ಕಣ್ ಮುಚ್ಕೊಂಡಿದೀನಿ. ಇದೇನಾರಾ ನಮ್ ಸಾವ್ಕಾರ್ರ ಕೈಗೆ ಸಿಕ್ರೆ ನನ್ ಕೆಲ್ಸದ ಗತಿ ಏನು?"

ಯಜಮಾನರು ಬಾಗಿಲ ಕಡೆ ನಡೆದರು. "ಗಿರಾಕಿ ಕಣ್ ಮುಚ್ಚಿದ್ರೆ ಅದು ದೂರೇ" ಅಂದು ಮೊದಲನೇ ಗೀಟು ಎಳೆದರು.

ಎಂಟು ಜೊತೆ ಚಪ್ಪಲಿ

ಗುಡ್ಡದ ಮೇಲೆ ಒಂದು ದೊಡ್ಡ ಹಳೇ ಬಂಗಲೆ. ಬಾಗಿಲು, ಕಿಟಕಿ ಎಲ್ಲವನ್ನೂ ಯಾರೋ ಯಾವತ್ತೋ ಕಿತ್ತುಕೊಂಡು ಹೋಗಿದ್ದರು. ನಾನು ಹೋಗಿ ನೋಡುತ್ತೇನೆ, ಬಾಗಿಲೇ ಇಲ್ಲದ ಆ ಬಾಗಿಲ ಹೊರಗೆ ಎಂಟು ಜೊತೆ ಚಪ್ಪಲಿ! ಅದೂ ಸಾಲಾಗಿ, ಮದುವೆ ಮನೆಯ ಮುಂದೆ ಬಿಟ್ಟ ಹಾಗೆ.

ಈ ಸಲ ಅನುಮಾನ ಪಡುವ ಸರದಿ ನನ್ನದು. ಪಾಳು ಬಂಗಲೆಯಲ್ಲಿ ಹಗಲು ಹೊತ್ತಿನಲ್ಲಿ ಎಂಟು ಜನಕ್ಕೆ ಏನು ಕೆಲಸ? ಗಂಧದ ಮರ ಕದಿಯುವವರೋ, ನಿಧಿ ಅಗೆಯುವವರೋ? ಲಂಟಾನದ ಪೊದೆ ಹಿಂದೆ ಕೂತೆ. ಕೂತವನು ಸುಮ್ಮನಿರದೆ ಚಪ್ಪಲಿ ಸಾಲಿನದು ಒಂದು ಹೊಡೆದೆ. ಕ್ಲಿಕ್ಕೆಂದಿತು. ಒಳಗೆ ಮಾತು ನಿಂತಿತು. ಒಂದು ತಲೆ ಕಿಟಕಿಯಿಂದ ಹೊರಗೆ ಬಂತು. ಲಾರಿ ಕಾಲದ ನನ್ನ ಖಾಕಿ ಅಂಗಿ ಪೊದೆಯ ಸಂದಿಯಲ್ಲಿ ಅದಕ್ಕೆ ಕಂಡಿತು.

"ಲೇ, ಪೊಲೀಸ್!"

ಎಂಟೂ ಜನ ಹಿಂದಿನ ಗೋಡೆ ಹಾರಿ ಕಾಫಿ ತೋಟಕ್ಕೆ ಬಿದ್ದು ಓಡಿಬಿಟ್ಟರು. ಒಳಗೆ ಹೋಗಿ ನೋಡಿದರೆ ಕಂಬಳಿ ಹಾಸಿ ಇಸ್ಪೀಟು ಆಡುತ್ತಿದ್ದವರು. ಜೂಜಿಗೆ ಕೂರುವಾಗಲೂ ಮನೆ ಅಂದಮೇಲೆ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು ಅನ್ನುವಷ್ಟು ಮರ್ಯಾದಸ್ಥರು.

ಫೋಟೋ ಚೆನ್ನಾಗಿ ಬಂದಿತ್ತು. ಸ್ಟುಡಿಯೋ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದೆ. ಎರಡು ದಿನಕ್ಕೆ ರೇಷನ್ ಕಾರ್ಡಿನ ಫೋಟೋಗೆ ಬಂದ ಹೆಂಗಸೊಬ್ಬರು ಗಾಜಿನ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು.

"ಎಡಗಡೆಯಿಂದ ಮೂರನೇದು ನಮ್ಮನೆಯೋರ್ದು. ಉಂಗುಷ್ಟಕ್ಕೆ ಹಸಿರು ದಾರ ಹಾಕಿ ನಾನೇ ಹೊಲ್ದಿದ್ದು. ತಿಥಿ ಊಟಕ್ಕೆ ಹೋದಾಗ ಯಾರೋ ಮೆಟ್ಕಂಡು ಹೋಗ್ಬುಟ್ರು ಅಂದ್ರಲ್ಲ! ಎಲ್ಲೀದಪ್ಪ ಈ ತಿಥಿ?"

ಮಾರನೇ ದಿನ ಗಂಡ ಬಂದ. ಹೊಸ ಚಪ್ಪಲಿ, ಕೆಂಡದಂಥ ಮುಖ. "ಈ ಫೋಟೋ ಹಾಕ್ದೋನು ಯಾವನ್ರೀ? ದೂರು ಕೊಡ್ತೀನಿ ನಾನು!" ಯಜಮಾನರು ಸೀಮೆಸುಣ್ಣ ತೆಗೆದುಕೊಂಡರು. "ಕೊಡಿ, ಕೊಡಿ. ಎಲ್ಲಿ ಬಿಟ್ಟಿದ್ರಿ ಚಪ್ಪಲೀನ?"

ಆ ಮನುಷ್ಯ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. "ಅದು… ನಂದಲ್ಲ ಅನ್ಸುತ್ತೆ ಬುಡಿ" ಅಂದು ಮೆಟ್ಟಿಲಿಳಿದ. ಗೀಟು ತಪ್ಪಿತು.

ಆ ವಾರದೊಳಗೆ ಇನ್ನೂ ಏಳು ಜನ ಗಂಡಸರು ಒಬ್ಬೊಬ್ಬರಾಗಿ ಬಂದು, ಗಾಜಿನ ಮುಂದೆ ನಿಂತು ನೋಡಿ, ಏನೂ ಮಾತಾಡದೆ ಹೋದರು.

ಗಂಡಿನ ಮನೆ

ಇದು ಪಾಳ್ಯದ ಕಡೆಯ ಮದುವೆ. ಹೆಣ್ಣಿನ ಕಡೆಯವರು ಪಾಳ್ಯದವರು, ಗಂಡು ಸಕಲೇಶಪುರದ ಕಡೆಯವನು. ರೋಲಿನಲ್ಲಿ ಎರಡು ಉಳಿದಿದ್ದವು. ಬರುವ ದಾರಿಯಲ್ಲಿ ಒಂದು ಎರಡಂತಸ್ತಿನ ಪಾಳು ಮನೆ ಕಂಡಿತು. ಹೆಂಚು ಹಾರಿ ಹೋಗಿ, ಮಹಡಿಯ ಕಿಟಕಿಯಿಂದ ಆಲದ ಬಿಳಲು ಇಳಿದಿತ್ತು. ಎರಡನ್ನೂ ಅದಕ್ಕೇ ಹೊಡೆದು ರೋಲು ಕಳಿಸಿದೆ. ಪ್ರಿಂಟು ಬಂದಾಗ ಆ ಎರಡನ್ನು ತೆಗೆದಿಟ್ಟುಕೊಳ್ಳಬೇಕಿತ್ತು, ಮರೆತೆ. ಕವರು ಹಾಗೇ ಹೆಣ್ಣಿನ ಮನೆ ಸೇರಿತು.

ಮೂರನೇ ದಿನ ಹುಡುಗಿಯ ಸೋದರಮಾವ ಬಂದ. ಕೈಯಲ್ಲಿ ಆ ಫೋಟೋ.

"ಬೀಗರು ತೋಟದ ಮನೆ ಐತೆ, ತೋಟದ ಮನೆ ಐತೆ ಅಂತಿದ್ರು. ಇದೇನಾ ಅದು?"

"ಅಯ್ಯೋ, ಅದಲ್ಲ ಸ್ವಾಮಿ. ಅದು ಯಾರ್ದೋ ಮನೆ."

"ಯಾರ್ದೋ ಮನೆ ನಮ್ ಹುಡ್ಗಿ ಮದ್ವೆ ಫೋಟೋದಲ್ಲಿ ಯಾಕೈತೆ? ನಿಂಗೆ ಅವ್ರು ಏನೂ ಹೇಳ್ಬೇಡ ಅಂದವ್ರೆ ಅಲ್ವಾ?"

ಅಷ್ಟು ಹೊತ್ತಿಗೆ ಗಂಡಿನ ಅಪ್ಪನೂ ಬಂದರು. ಅವರಿಗೆ ಬೇರೆಯೇ ಅನುಮಾನ: ಹೆಣ್ಣಿನವರೇ ಬೇಕಂತ ಈ ಫೋಟೋ ಹೊಡೆಸಿ, ನಮ್ಮ ಮನೆ ಮರ್ಯಾದೆ ತೆಗೆಯೋಕೆ ನೋಡುತ್ತಿದ್ದಾರೆ ಅಂತ. ಇಬ್ಬರೂ ನನ್ನನ್ನು ಮಧ್ಯೆ ನಿಲ್ಲಿಸಿಕೊಂಡು, "ನೀನೇ ಹೇಳಪ್ಪ, ನಿಂಗ್ಯಾರು ಹೇಳಿದ್ದು?" "ಯಾರೂ ಹೇಳಿಲ್ಲ ಅಂದ್ರೆ ನಂಬೋಕೆ ನಾವೇನು ಮಕ್ಳಾ?" ಅಂತ ಶುರು ಮಾಡಿದರು. ಯಾರೂ ಹೇಳದೆ, ಯಾವ ಲಾಭವೂ ಇಲ್ಲದೆ ಒಬ್ಬ ಮನುಷ್ಯ ಮುರಿದ ಮನೆಯ ಫೋಟೋ ಹೊಡೆಯುತ್ತಾನೆ ಅನ್ನುವುದನ್ನು ಆ ದಿನ ಆ ಸ್ಟುಡಿಯೋದಲ್ಲಿ ಯಾರೂ ನಂಬಲಿಲ್ಲ. ನಮ್ಮ ಯಜಮಾನರೂ ಸೇರಿ.

ಕೊನೆಗೆ ಜೀಪು ಮಾಡಿದರು. ಎರಡೂ ಕಡೆಯ ಹಿರಿಯರು, ಹುಡುಗಿಯ ಅಜ್ಜಿ, ಸಾಕ್ಷಿಗೆ ನಾನು. ಮೊದಲು ಪಾಳು ಮನೆ ತೋರಿಸಿದೆ. ಅಜ್ಜಿ ಜೀಪಿನಿಂದ ಇಳಿದು, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಂಬ ತಬ್ಬಿ ಅಳತೆ ನೋಡಿತು. ಆಮೇಲೆ ಗಂಡಿನವರ ನಿಜವಾದ ತೋಟದ ಮನೆಗೆ ಹೋದೆವು. ಒಂದು ಕೋಣೆ, ಮೇಲೆ ಜಿಂಕ್ ಶೀಟು, ಒಳಗೆ ಗೊಬ್ಬರದ ಚೀಲ. ಸೂರಂತೂ ಇತ್ತು. ಸೋದರಮಾವನಿಗೆ ಸಮಾಧಾನವಾಗಿ, ಬೀಗರಿಬ್ಬರೂ ಕಾಫಿ ಕುಡಿದರು.

ವಾಪಸ್ಸು ಬರುವಾಗ ಅಜ್ಜಿ ತನ್ನ ಮಗನ, ಅಂದರೆ ಆ ಸೋದರಮಾವನ ಹೆಗಲು ತಟ್ಟಿ ಹೇಳಿತು: "ಆ ಮೊದ್ಲು ನೋಡಿದ್ ಮನೆ ಯಾರ್ದು ಅಂತ ವಿಚಾರ್ಸೋ. ಆ ಮನೇಲೊಂದು ಗಂಡಿದ್ರೆ ನಮ್ ಚಿಕ್ಕೋಳಿಗೆ ಕೇಳಾಣ."

ಬೀಗರು ಕಾಫಿ ಕುಡಿದು ರಾಜಿಯಾದರೂ ದೂರು ದೂರೇ. ಬಾಗಿಲ ಮೇಲೆ ಎರಡನೇ ಗೀಟು ಬಿತ್ತು. ಇನ್ನೊಂದೇ ಉಳಿದದ್ದು. ಆಮೇಲೆ ಎಷ್ಟೋ ದಿನ ಲಾರಿ ಹಾರನ್ನು ಕೇಳಿದರೆ ಸಾಕು, ನನ್ನನ್ನೇ ಕರೆದ ಹಾಗೆ ಆಗುತ್ತಿತ್ತು.

ಮಾವನವರು ನೆಟ್ಟ ಬಾಳೆ

ಇನ್ನು ಜನರಿಗೆ ಸಿಗದ ಹಾಗೆ ಹುಷಾರಾಗಿ ಹೊಡೆಯೋಣ ಅಂತ ಮೂರು ಕಾಲಿನ ಸ್ಟ್ಯಾಂಡೊಂದನ್ನು ಹಿಡಿದು ದೂರದಿಂದ ಹೊಡೆಯಲು ಶುರು ಮಾಡಿದೆ. ಅದೇ ದೊಡ್ಡ ತಪ್ಪಾಯಿತು. ನಮ್ಮ ಕಡೆ ಮೂರು ಕಾಲಿನ ಸ್ಟ್ಯಾಂಡ್ ಅಂದರೆ ಸರ್ವೆ. ಸರ್ವೆ ಅಂದರೆ ರಸ್ತೆ. ರಸ್ತೆ ಅಂದರೆ ಮನೆ ಹೋದವರಿಗೆ ಪರಿಹಾರ.

ಹೈವೇ ಪಕ್ಕದಲ್ಲಿ ಒಂದು ಹಳೇ ಲೈನ್ ಮನೆ ಇತ್ತು, ಹಿಂದೆ ಎಸ್ಟೇಟ್ ಆಳುಗಳಿದ್ದ ಮೂರು ಕೋಣೆಗಳ ಸಾಲು. ಬಾವಲಿ ಬಿಟ್ಟರೆ ಯಾರೂ ಇರಲಿಲ್ಲ. ಮೋಡ ಇದ್ದದ್ದರಿಂದ ಫೋಟೋ ಮಂಕಾಯಿತು. ಒಂದು ವಾರ ಬಿಟ್ಟು ಮತ್ತೆ ಹೋದೆ. ಗೋಡೆಗೆಲ್ಲ ಸುಣ್ಣ! ಮುಂದೆ ಒಂದು ಹಸು. ಬಾಗಿಲ ಆ ಕಡೆ ಈ ಕಡೆ ಗೊನೆ ಸಮೇತ ಎರಡು ಬಾಳೆಗಿಡ. ಹೊಸಿಲ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು.

"ಬಾ ಮಗ, ಕೂತ್ಕ. ನಿನ್ನನ್ನೇ ಕಾಯ್ತಿದ್ವಿ. ನಾವು ತಲೆಮಾರಿಂದ ಇಲ್ಲೇ ಇರೋದು."

"ಹೋದ್ವಾರ ಯಾರೂ ಇರ್ಲಿಲ್ವಲ್ಲಮ್ಮ?"

"ಹೋದ್ವಾರ ಮಗಳ ಮನೆಗೆ ಹೋಗಿದ್ವಿ."

"ಗೋಡೇಲಿ ಸುಣ್ಣಾನೂ ಇರ್ಲಿಲ್ಲ."

"ಮಳೆಗೆ ತೊಳ್ದೋಗಿತ್ತು. ಈಗ ಬಂತು."

"ಈ ಬಾಳೆ?"

"ನಮ್ ಮಾವನೋರು ನೆಟ್ಟಿದ್ದು."

ಹತ್ತಿರ ಹೋಗಿ ನೋಡಿದೆ. ಬೇರಿಲ್ಲ, ಕಡಿದು ತಂದು ಹೂತದ್ದು. ಗೊನೆಗೆ ಸುತ್ತಿದ್ದ ಜರಿ ಕಾಗದ ಇನ್ನೂ ಹಾಗೇ ಇತ್ತು. ಆ ಗೊನೆ ನನಗೆ ಗುರುತು ಸಿಕ್ಕಿತು. ಹಿಂದಿನ ದಿನ ತಾನೇ ಕಲ್ಯಾಣ ಮಂಟಪದ ಬಾಗಿಲಲ್ಲಿ, ಮದುಮಕ್ಕಳ ಪಕ್ಕದಲ್ಲಿ ಅದರ ಫೋಟೋ ಹೊಡೆದಿದ್ದೆ. ಇವಳ ಮಾವನವರು ಬಹಳ ಚುರುಕಾಗಿದ್ದಿರಬೇಕು.

ಮುದುಕಿ ಮೊರ ಪಕ್ಕಕ್ಕಿಟ್ಟು ಪಿಸುಗುಟ್ಟಿದಳು. "ಸರಿಯಾಗಿ ಬರ್ಕಳಪ್ಪ. ಮೂರು ಕೋಣೆ, ಮೂರು ಜನ ಗಂಡ್ಮಕ್ಳು. ಹಸೂನೂ ಬರ್ಕ."

ಇದನ್ನು ನಗಿಸಲೆಂದು ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ. ಬಾಗಿಲ ಪರದೆ ಎಳೆದು ಹತ್ತಿರ ಬಂದರು.

"ನಿಜ ಹೇಳು. ನಿಂಗೆ ಯಾರಾದ್ರೂ ಮೊದ್ಲೇ ತಿಳಿಸ್ತಾರಾ?"

"ಏನನ್ನ?"

"ಗೊತ್ತಿಲ್ದೋನ್ ಥರ ಆಡ್ಬೇಡ. ರಸ್ತೆ ಎಲ್ಲಿ ಹೋಗ್ತೈತೆ ಅಂತ. ಸುಮ್‌ಸುಮ್ನೆ ಯಾವನು ಮುರ್ದೋಗಿರೋ ಮನೆ ಹುಡ್ಕಂಡು ಹೋಗ್ತಾನೆ? ಹೋಗ್ಲಿ ಬುಡು, ಮುಂದೆ ಯಾವ್ ಕಡೆ ಹೋಗ್ತೀಯ?"

"ಆಲೂರು ರಸ್ತೆ ತಿರುವಲ್ಲಿ ಒಂದು ಹಳೇ ಕಾಫಿ ಗೋಡೌನೈತಲ್ಲ, ವಾರಸುದಾರರು ಯಾರೂ ಇಲ್ಲ ಅಂತಾರೆ. ಅದು."

ಯಜಮಾನರು ಸುಮ್ಮನೆ ತಲೆ ಆಡಿಸಿದರು. ಹೋಟೆಲಿನಿಂದ ನನಗೆ ಕಾಫಿ ತರಿಸಿದರು. ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು. ನಾನು ಮೂಸಿ ನೋಡಿ ಕುಡಿದೆ. ಹೋಗುವಾಗ, "ಬೇಕಾದ್ರೆ ಒಂಚೂರು ಪೌಡರ್ ಹಾಕ್ಕೋ" ಅಂದರು.

ಬೀಗ ಹಾಕಿದ ಗೋಡೌನು

ಮುಂದಿನ ವಾರ ಸ್ಟುಡಿಯೋದಲ್ಲಿ ಒಂದೊಂದೇ ಸಾಮಾನು ಕಾಣೆಯಾಗತೊಡಗಿತು. ಶನಿವಾರ ಪರದೆ ಇಲ್ಲ. "ಒಗೆಯೋಕೆ ಹಾಕಿದೀನಿ" ಅಂದರು ಯಜಮಾನರು. ಭಾನುವಾರ ಕೋಟು, ಟೈ ಇಲ್ಲ. "ಹೊಲಿಗೆ ಬಿಟ್ಟೈತೆ" ಅಂದರು. ಸೋಮವಾರ ಯಜಮಾನರೇ ಇಲ್ಲ. ಅರಸೀಕೆರೆಯಲ್ಲಿ ಭಾವಮೈದನ ಮನೆ ಗೃಹಪ್ರವೇಶ, ಎರಡು ದಿನ ಅಂಗಡಿ ಬಾಗಿಲು ತೆಗೆಯಲ್ಲ ಅಂತ ಹೇಳಿಹೋಗಿದ್ದರು. ನನಗೆ ಅನುಮಾನ ಬಂತು. ಆದರೆ ರೋಲಿನಲ್ಲಿ ಮೂರು ಉಳಿದಿದ್ದವು. ಕ್ಯಾಮೆರಾ, ಸ್ಟ್ಯಾಂಡ್ ಹಿಡಿದು ಆಲೂರಿನ ಬಸ್ಸು ಹತ್ತಿದೆ.

ಗೋಡೌನು ದೂರದಿಂದ ಕಂಡಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮುಂದಿನ ಬಾಗಿಲಿಗೆ ಹೊಳೆಯುವ ಹೊಸ ಬೀಗ. ಪಕ್ಕದ ಗೋಡೆ ಎಂದೋ ಬಿದ್ದು ಹೋಗಿತ್ತಾದ್ದರಿಂದ ಆ ಬೀಗ ತೆಗೆಯುವ ಅಗತ್ಯ ಯಾರಿಗೂ ಇರಲಿಲ್ಲ. ಅಂಗಳದಲ್ಲಿ ಕಾಫಿ ಸಸಿ ಎರಡು ಸಾಲು, ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು. ಬಾಗಿಲ ಎರಡೂ ಕಡೆ ಜರಿ ಕಾಗದ ಸುತ್ತಿದ ಬಾಳೆ. ಮತ್ತೆ, ಬಿದ್ದುಹೋದ ಗೋಡೆಯ ಜಾಗದಲ್ಲಿ ಒಂದು ಅರಮನೆ! ಮೆಟ್ಟಿಲು, ಕಾರಂಜಿ, ಎರಡು ಹಂಸ. ಗಾಳಿ ಬಂದಾಗಲೆಲ್ಲ ಹಂಸಗಳು ಹೊಟ್ಟೆ ಉಬ್ಬಿಸಿ ಇಳಿಸುತ್ತಿದ್ದವು.

ನಾನು ಸ್ಟ್ಯಾಂಡ್ ನಿಲ್ಲಿಸಿದೆ. ಅರಮನೆಯ ಹಿಂದಿನಿಂದ ಗರ್ಜನೆ ಬಂತು.

"ಯಾರದು? ಇದು ನಮ್ ಜಾಗ! ನಮ್ಮಜ್ಜನ ಕಾಲದಿಂದ ಇಲ್ಲೇ ಇದೀವಿ! ಸರ್ವೆನೋರಾದ್ರೆ ಬನ್ನಿ ಕೂತ್ಕೊಳ್ಳಿ, ಬೇರೆ ಯಾವನಾದ್ರೂ ಫೋಟೋ ಗೀಟೋ ಹೊಡುದ್ರೆ ದೂರು ಕೊಡ್ತೀನಿ!"

ಹಂಸಗಳ ನಡುವೆ ಪರದೆ ಸರಿಯಿತು. ಮೇಲೆ ಸ್ಟುಡಿಯೋದ ಕಪ್ಪು ಕೋಟು, ಟೈ. ಕೆಳಗೆ ಚೌಕಳಿ ಲುಂಗಿ. ಮುಖಕ್ಕೆ ಪೌಡರ್. ಸರ್ವೆ ಸಾಹೇಬರನ್ನು ಬರಮಾಡಿಕೊಳ್ಳಲು ತಯಾರಾಗಿ ನಿಂತ ನಮ್ಮ ಯಜಮಾನರು. ಬೆರಳು ತಾನಾಗಿಯೇ ಒತ್ತಿಬಿಟ್ಟಿತು.

ಯಜಮಾನರು ಟೈ ಸಡಿಲ ಮಾಡಿಕೊಂಡರು.

"ಅರಸೀಕೆರೆ ಗೃಹಪ್ರವೇಶ?" ಅಂತ ನಾನೇ ಕೇಳಿದೆ.

"ಅದಿರ್ಲಿ. ಸರ್ವೆನೋರು ಹಿಂದೆ ಬರ್ತಾವ್ರಾ?"

"ಯಾವ್ ಸರ್ವೆ ಯಜಮಾನ್ರೇ? ರೋಲಲ್ಲಿ ಮೂರು ಉಳ್ದಿತ್ತು, ಅದಕ್ಕೆ ಬಂದೆ."

ಅವರು ನನ್ನ ಮುಖವನ್ನು ಪೌಡರ್ ಹುಡುಕುವ ಹಾಗೆ ಹತ್ತಿರದಿಂದ ನೋಡಿದರು. ನನ್ನ ಹಿಂದಿನ ರಸ್ತೆ ನೋಡಿದರು. ರಸ್ತೆಯಲ್ಲಿ ಒಂದು ಎಮ್ಮೆ ಮಾತ್ರ ಇತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮಾತು ನಂಬಿದ್ದು ಆ ಜಾಗದಲ್ಲಿ. ನಂಬಿದ ಕೂಡಲೇ ಅವರ ಮುಖ ಹಂಸದ ಹೊಟ್ಟೆಯ ಹಾಗೆ ಇಳಿದುಹೋಯಿತು. ಸಸಿ ಚೀಲಗಳನ್ನೂ ಪರದೆಯನ್ನೂ ಆಟೋಗೆ ತುಂಬಿಕೊಂಡು ಇಬ್ಬರೂ ಸಕಲೇಶಪುರಕ್ಕೆ ಬಂದೆವು. ನನಗೆ ಗೊತ್ತಿತ್ತು, ಮೂರನೇ ಗೀಟು ಬಂತು ಅಂತ. ಮನಸ್ಸಿನಲ್ಲೇ ಪರಿಚಯದ ಲಾರಿ ಡ್ರೈವರುಗಳ ಹೆಸರು ನೆನಪು ಮಾಡಿಕೊಳ್ಳುತ್ತಿದ್ದೆ.

ಪ್ರಿಂಟು ಬಂದ ದಿನ ಯಜಮಾನರು ಕವರು ಕಿತ್ತುಕೊಂಡು ತಾವೇ ಬಿಚ್ಚಿದರು. ಆ ಒಂದು ಫೋಟೋ ತೆಗೆದು ಬೆಳಕಿಗೆ ಹಿಡಿದರು.

"ಥೂ! ಕಣ್ ಮುಚ್ಚೈತಲ್ಲೋ!"

ಸೀಮೆಸುಣ್ಣ ತೆಗೆದುಕೊಂಡು ನೇರ ಡಾರ್ಕ್‌ರೂಮ್ ಬಾಗಿಲ ಹತ್ತಿರ ಹೋದರು. ಕೈ ಎತ್ತಿದರು. ನಾನು ಕ್ಯಾಮೆರಾ ಕೊರಳಿಂದ ತೆಗೆದು ಮೇಜಿನ ಮೇಲೆ ಇಟ್ಟು, ಒಂದೇ ಮಾತು ಕೇಳಿದೆ.

"ದೂರು ಕೊಡಿ ಯಜಮಾನ್ರೇ. ಎಲ್ಲಿ ನಿಂತಿದ್ರಿ ಫೋಟೋ ಹೊಡೆವಾಗ?"

ಎತ್ತಿದ ಕೈ ಅಲ್ಲೇ ನಿಂತಿತು. ಬಾಯಿ ತೆರೆದರು. ಮುಚ್ಚಿದರು. ಗಾಜಿನ ಪೆಟ್ಟಿಗೆಯಲ್ಲಿ ಎಂಟು ಜೊತೆ ಚಪ್ಪಲಿ ನಮ್ಮಿಬ್ಬರನ್ನೂ ನೋಡುತ್ತಿದ್ದವು. ಯಜಮಾನರು ಸೀಮೆಸುಣ್ಣವನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡು, ಗೂಟದಲ್ಲಿದ್ದ ಕಪ್ಪು ಕೋಟಿನ ತೋಳಿನಿಂದ ಹಳೇ ಗೀಟು ಎರಡನ್ನೂ ಒರೆಸಿ, ಫೋಟೋವನ್ನು ಇನ್ನೊಂದು ಸಲ ನೋಡಿ ಹೇಳಿದರು:

"ಹೋಗ್ಲಿ ಬುಡು ಮಾರಾಯ. ಪರದೆ ಚೆನ್ನಾಗಿ ಬಂದೈತೆ."